ಪಾರ್ಶ್ವವಾಯುವಿನ ಬಳಿಕ ಊಟದ ತಟ್ಟೆ

ಪಾರ್ಶ್ವವಾಯುವಿನ ಹಾನಿಯನ್ನು ಜನರು ಸಾಮಾನ್ಯವಾಗಿ ಕೈಕಾಲುಗಳ ಬಲದಿಂದಲೂ ಮಾತಿನ ಸ್ಪಷ್ಟತೆಯಿಂದಲೂ ಅಳೆಯುತ್ತಾರೆ. ಲಕ್ವ ಹೊಡೆದವರು ಎದ್ದು ಓಡಾಡುತ್ತಿದ್ದಾರೆಯೇ, ಕೈಯೆತ್ತುತ್ತಾರೆಯೇ, ಗುರುತು ಹಿಡಿದು ಮಾತನಾಡುತ್ತಾರೆಯೇ ಎಂದು ನೋಡಲು ಬಂದವರೆಲ್ಲರೂ ವಿಚಾರಿಸುತ್ತಾರೆ. ಉಂಡದ್ದು ರುಚಿಸುತ್ತಿದೆಯೇ ಎಂದು ಕೇಳುವವರು ಕಡಿಮೆ. ಆದರೆ ಮನೆಗೆ ಮರಳಿದ ರೋಗಿಯ ದಿನ ಕಳೆಯುವುದು ಬಹುಮಟ್ಟಿಗೆ ಊಟ, ತಿಂಡಿ, ಮಾತ್ರೆಗಳ ಸುತ್ತಲೇ, ಮತ್ತು ರೋಗಿಗೂ ಆರೈಕೆ ಮಾಡುವವರಿಗೂ ನಡುವೆ ಮನಸ್ತಾಪ ಹುಟ್ಟುವುದೂ ಹೆಚ್ಚಾಗಿ ಅಲ್ಲಿಯೇ. ಅಕ್ಕರೆಯಿಂದ ಮಾಡಿದ ಹುಳಿಯನ್ನು ಮಣ್ಣು ತಿಂದ ಹಾಗಿದೆಯೆಂದು ದೂರ ಸರಿಸುವುದು, ತುತ್ತನ್ನು ಕೆನ್ನೆಯಲ್ಲಿಯೇ ಇಟ್ಟುಕೊಂಡು ಕುಳಿತುಬಿಡುವುದು, ತಟ್ಟೆಯ ಒಂದು ಬದಿಯ ಅನ್ನವನ್ನು ಮುಟ್ಟದೆ ಊಟವಾಯಿತೆನ್ನುವುದು, ಎಂದೂ ಸಿಹಿ ಬಯಸದಿದ್ದವರು ಸಿಹಿಗಾಗಿ ಪೀಡಿಸುವುದು, ಇವೆಲ್ಲವನ್ನೂ ವಯಸ್ಸಾದವರ ಹಟವೆಂದು ಅಥವಾ ಕಾಯಿಲೆ ಬಿದ್ದವರ ಮಗುತನವೆಂದು ಮನೆಯವರು ಭಾವಿಸುತ್ತಾರೆ. ಹಾಗೆ ಭಾವಿಸುವುದು ಸಹಜವಾದರೂ ತಪ್ಪು. ಇವುಗಳಲ್ಲಿ ಬಹುತೇಕ ಪ್ರತಿಯೊಂದಕ್ಕೂ ಮಿದುಳಿನ ಗಾಯದಲ್ಲಿ, ಬಾಯಿಯ ಸ್ಥಿತಿಯಲ್ಲಿ ಅಥವಾ ಕೊಡುತ್ತಿರುವ ಔಷಧಿಯಲ್ಲಿ ಗುರುತಿಸಬಹುದಾದ ಕಾರಣವಿರುತ್ತದೆ, ಮತ್ತು ಕಾರಣ ತಿಳಿದರೆ ಅನೇಕಕ್ಕೆ ಪರಿಹಾರವೂ ಇರುತ್ತದೆ.

ಮಿದುಳಿಗೆ ರಕ್ತ ಒಯ್ಯುವ ನಾಳವೊಂದು ಕಟ್ಟಿಕೊಂಡಾಗ ಅಥವಾ ಒಡೆದಾಗ ಆ ಭಾಗದ ಜೀವಕೋಶಗಳು ಸಾಯುತ್ತವೆ, ಇದೇ ಪಾರ್ಶ್ವವಾಯು. ಸತ್ತ ಭಾಗ ಯಾವ ಕೆಲಸ ಮಾಡುತ್ತಿತ್ತೋ ಆ ಕೆಲಸ ಕೆಡುತ್ತದೆ. ರುಚಿಯ ಅರಿವು ನಾಲಗೆಯಲ್ಲಿ ಆರಂಭವಾದರೂ ಅದು ಪೂರ್ಣವಾಗುವುದು ಮಿದುಳಿನಲ್ಲಿ, ಮತ್ತು ನಾಲಗೆಯಿಂದ ಅಲ್ಲಿಗೆ ಹೋಗುವ ದಾರಿ ಸಾಕಷ್ಟು ಉದ್ದವಾಗಿದೆ. ನಾಲಗೆಯ ಮುಂದಿನ ಮೂರನೆಯ ಎರಡು ಭಾಗದ ರುಚಿಯನ್ನು ಮುಖದ ನರವೂ, ಹಿಂಭಾಗದ ರುಚಿಯನ್ನು ಗಂಟಲು ಮತ್ತು ನಾಲಗೆಗೆ ಸಂಬಂಧಿಸಿದ ಒಂಬತ್ತನೆಯ ಕಪಾಲ ನರವೂ, ಗಂಟಲಿನ ಆಳದ ರುಚಿಯನ್ನು ವೇಗಸ್ ಎಂಬ ಹತ್ತನೆಯ ನರವೂ ಒಯ್ಯುತ್ತವೆ. ಮೂರೂ ಮಿದುಳು ಮತ್ತು ಬೆನ್ನುಹುರಿಗಳನ್ನು ಜೋಡಿಸುವ ಮಿದುಳು ಕಾಂಡದಲ್ಲಿ ಕೂಡಿ, ಅಲ್ಲಿಂದ ಮೇಲಕ್ಕೆ ಥಲಾಮಸ್ ಎಂಬ ನರಕೇಂದ್ರವನ್ನು ತಲುಪಿ, ಕೊನೆಗೆ ಕಿವಿಯ ಮೇಲ್ಬದಿಗೆ ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೂ ಅದರ ಅಂಚಿನ ಪ್ರದೇಶಕ್ಕೂ ಸೇರುತ್ತವೆ. ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ರಸ, ಟೊಮೆಟೊಗಳಲ್ಲಿರುವ ಉಮಾಮಿ ಎಂಬ ಐದು ರುಚಿಗಳನ್ನು ಬೇರ್ಪಡಿಸಿ ಗುರುತಿಸುವ ಕೆಲಸ ಮುಖ್ಯವಾಗಿ ಇನ್ಸುಲಾದಲ್ಲಿ ನಡೆಯುತ್ತದೆ. ಆ ರುಚಿ ಹಿತವೇ ಅಹಿತವೇ, ಇನ್ನೊಂದು ತುತ್ತು ಬೇಕೇ ಸಾಕೇ ಎಂಬ ತೀರ್ಮಾನ ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿರುವ ಮುಂಮಿದುಳಿನ ಪ್ರದೇಶದಲ್ಲಿ ಆಗುತ್ತದೆ.

ಈ ದಾರಿಯ ಯಾವುದೇ ಹಂತದಲ್ಲಿ ಗಾಯವಾದರೂ ರುಚಿ ಕೆಡಬಹುದು. ಇನ್ಸುಲಾಕ್ಕೆ ರಕ್ತ ಹೋಗುವುದು ಮಿದುಳಿನ ಮಧ್ಯ ಧಮನಿಯ ಕವಲುಗಳಿಂದ, ಮತ್ತು ಪಾರ್ಶ್ವವಾಯುವಿನಲ್ಲಿ ಅತಿ ಹೆಚ್ಚು ಬಾರಿ ಕಟ್ಟಿಕೊಳ್ಳುವುದು ಇದೇ ಧಮನಿಯಾದ್ದರಿಂದ, ರುಚಿಗೆ ಏಟು ಬೀಳುವುದು ಅಪರೂಪದ ಸಂಗತಿಯಲ್ಲ. ಜರ್ಮನಿಯ ವೈದ್ಯರು ಪಾರ್ಶ್ವವಾಯುವಾಗಿ ಆಸ್ಪತ್ರೆಗೆ ಸೇರಿದ ನೂರಕ್ಕಿಂತ ತುಸು ಹೆಚ್ಚು ರೋಗಿಗಳ ನಾಲಗೆಯನ್ನು ಪರೀಕ್ಷಿಸಿದಾಗ ಸುಮಾರು ಶೇ 30 ಮಂದಿಯಲ್ಲಿ ರುಚಿಯ ಅರಿವು ತಗ್ಗಿರುವುದು ಕಂಡುಬಂದಿತ್ತು. ಕೈಕಾಲುಗಳ ನರಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿ ಹೋಗುವುದರಿಂದ ಬಲ ಮಿದುಳಿನ ಗಾಯಕ್ಕೆ ಎಡಗೈ ಸೋಲುತ್ತದೆ. ರುಚಿಯ ನರಗಳಾದರೋ ಬಹುಮಟ್ಟಿಗೆ ತಮ್ಮ ಬದಿಯಲ್ಲಿಯೇ ಸಾಗುತ್ತವೆ, ಹೀಗಾಗಿ ಮಿದುಳು ಕಾಂಡದ ಬಲಬದಿಗೆ ಗಾಯವಾದರೆ ನಾಲಗೆಯ ಬಲಬದಿಯೇ ಸಪ್ಪೆಯಾಗುತ್ತದೆ. ಉಳಿದರ್ಧ ನಾಲಗೆ ಆ ಕೊರತೆಯನ್ನು ತುಂಬಿಕೊಡುವುದರಿಂದ ಎಷ್ಟೋ ರೋಗಿಗಳಿಗೆ ನಷ್ಟ ತಿಳಿಯುವುದೇ ಇಲ್ಲ. ಬೇರೆ ಕೆಲವರಲ್ಲಿ ರುಚಿ ಕಡಿಮೆಯಾಗುವ ಬದಲು ವಿಕಾರಗೊಳ್ಳುತ್ತದೆ. ನೀರು ಕೂಡ ಕಹಿಯೆನಿಸುವುದು, ಬಾಯಲ್ಲಿ ಸದಾ ಕಬ್ಬಿಣದ ತುಕ್ಕಿನ ಅನುಭವವಿರುವುದು, ಮೊದಲು ಪ್ರಿಯವಾಗಿದ್ದ ತಿನಿಸನ್ನು ಕಂಡರೆ ವಾಕರಿಕೆ ಬರುವುದು ಇದರ ಲಕ್ಷಣಗಳು. ಇನ್ಸುಲಾಕ್ಕೆ ಬಯಕೆಯೊಡನೆಯೂ ನಂಟಿದೆ: 2007ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಇನ್ಸುಲಾ ಗಾಯಗೊಂಡ ಧೂಮಪಾನಿಗಳಲ್ಲಿ ಹಲವರು ಬಹಳ ಸುಲಭವಾಗಿ ಸಿಗರೇಟು ಬಿಟ್ಟಿದ್ದರು, ಸೇದಬೇಕೆಂಬ ತುಡಿತವೇ ಅವರಲ್ಲಿ ಅಳಿದಿತ್ತು. ಊಟದ ಹಂಬಲವೂ ಹೀಗೆ ಮಿದುಳಿನ ಗಾಯದಿಂದ ಕುಗ್ಗಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದಕ್ಕೆ ವಿರುದ್ಧವಾದ ಬದಲಾವಣೆಯೂ ಉಂಟು, ಮತ್ತು ಅದು ನರವಿಜ್ಞಾನದ ವಿಸ್ಮಯಗಳಲ್ಲೊಂದು. ಸ್ವಿಟ್ಜರ್ಲೆಂಡಿನ ಮರಿಯಾನೆ ರೆಗಾರ್ಡ್ ಮತ್ತು ಥಿಯೊಡೋರ್ ಲಾಂಡಿಸ್ ಎಂಬ ಸಂಶೋಧಕರು 1997ರಲ್ಲಿ ಗೂರ್ಮಾಂಡ್ ಸಿಂಡ್ರೋಮ್ ಎಂಬ ಹೆಸರಿನಲ್ಲಿ ಒಂದು ಲಕ್ಷಣಕೂಟವನ್ನು ವಿವರಿಸಿದರು. ಮಿದುಳಿನ ಗಾಯವಾದ ನಂತರ ಕೆಲವರಿಗೆ ಸೊಗಸಾದ ಅಡುಗೆಯ ಮೇಲೆ ಹಿಂದೆಂದೂ ಇಲ್ಲದ ಆಸಕ್ತಿ ಹುಟ್ಟುತ್ತದೆ. ಅವರು ಹೆಚ್ಚು ಉಣ್ಣಲು ಬಯಸುವುದಕ್ಕಿಂತ ಒಳ್ಳೆಯದನ್ನು ಉಣ್ಣಲು ಬಯಸುತ್ತಾರೆ, ಅದರ ಕುರಿತೇ ಯೋಚಿಸುತ್ತಾರೆ, ಅದರಿಂದ ಅವರಿಗೆ ಸಂಕಟವೇನೂ ಇರುವುದಿಲ್ಲ. ಈ ಸಂಶೋಧಕರು ಪರಿಶೀಲಿಸಿದ 723 ರೋಗಿಗಳಲ್ಲಿ 36 ಮಂದಿಯಲ್ಲಿ ಈ ಲಕ್ಷಣವಿತ್ತು, ಆ ಪೈಕಿ 34 ಮಂದಿಯ ಗಾಯ ಮಿದುಳಿನ ಬಲ ಅರ್ಧದ ಮುಂಭಾಗದಲ್ಲಿತ್ತು. ಅವರು ಬಣ್ಣಿಸಿದವರಲ್ಲಿ ರಾಜಕೀಯ ವರದಿಗಾರರೊಬ್ಬರಿದ್ದು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ಮೇಲೆ ಆತ ರಾಜಕೀಯವನ್ನು ಬಿಟ್ಟು ಊಟೋಪಚಾರದ ಅಂಕಣಕಾರನಾದ. ಒಬ್ಬ ವ್ಯಕ್ತಿಯ ಅಭಿರುಚಿಯೆಂದು ಜನರು ಕರೆಯುವ ಗುಣ ಎಷ್ಟರಮಟ್ಟಿಗೆ ಮಿದುಳಿನ ಆರೋಗ್ಯವನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಇದು ವಿರಳವಾದ ಸ್ಥಿತಿ. ಮುಂಮಿದುಳಿನ ಗಾಯದಿಂದ ಹತೋಟಿ ತಪ್ಪಿ ಸಿಹಿಯನ್ನೋ ಕರಿದ ತಿಂಡಿಯನ್ನೋ ಅತಿಯಾಗಿ ತಿನ್ನುವುದು ಇದಕ್ಕಿಂತ ಬೇರೆಯಾದದ್ದು, ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಅಪಾಯಕಾರಿ.

ರುಚಿ ಕೆಟ್ಟಿದೆಯೆಂಬ ದೂರಿಗೆಲ್ಲ ಮಿದುಳೇ ಹೊಣೆಯೆಂದು ತಿಳಿಯುವುದೂ ಸರಿಯಲ್ಲ. ಆಡುಮಾತಿನಲ್ಲಿ ರುಚಿಯೆನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು, ಏಕೆಂದರೆ ಅಗಿಯುವಾಗ ಆಹಾರದ ಪರಿಮಳ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಖಾರವಂತೂ ವೈಜ್ಞಾನಿಕವಾಗಿ ರುಚಿಯೇ ಅಲ್ಲ, ಅದು ಮುಖದ ಸ್ಪರ್ಶ ಮತ್ತು ನೋವನ್ನು ಒಯ್ಯುವ ಬೇರೊಂದು ನರದ ಉರಿಯ ಅನುಭವ. ಆದ್ದರಿಂದ ಉಪ್ಪು, ಸಿಹಿ ತಿಳಿಯದ ವ್ಯಕ್ತಿಗೂ ಇಂಗಿನ ಘಮ ಮತ್ತು ಮೆಣಸಿನ ಖಾರ ತಿಳಿಯುವುದು ಸಾಧ್ಯ. ಔಷಧಿಗಳ ಪಾತ್ರವನ್ನಂತೂ ಮರೆಯುವಂತಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್ ಮತ್ತು ಅದರ ಗುಂಪಿನ ಮಾತ್ರೆಗಳು, ಕೆಲವು ಪ್ರತಿಜೈವಿಕಗಳು ಬಾಯಲ್ಲಿ ಲೋಹದ ರುಚಿಯನ್ನು ತರಬಲ್ಲವು. ನರನೋವಿಗೆ ಮತ್ತು ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಬಾಯನ್ನು ಒಣಗಿಸುತ್ತದೆ, ಒಣ ಬಾಯಿಯಲ್ಲಿ ರುಚಿಯ ಕಣಗಳು ಕರಗುವುದಿಲ್ಲ. ಇಂತಹ ಸಂದರ್ಭದಲ್ಲಿ ವೈದ್ಯರಿಗೆ ತಿಳಿಸಿ ಔಷಧಿಯನ್ನು ಬದಲಾಯಿಸಿಕೊಳ್ಳಬಹುದೇ ಹೊರತು ತಾವಾಗಿ ನಿಲ್ಲಿಸಕೂಡದು, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ಅಥವಾ ಒತ್ತಡ ಏರದಂತೆ ತಡೆಯುವ ಮಾತ್ರೆ ತಪ್ಪಿದರೆ ಎರಡನೆಯ ಆಘಾತಕ್ಕೆ ದಾರಿಯಾಗುತ್ತದೆ.

ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲೊಬ್ಬರನ್ನು ಕಾಡುವ ಖಿನ್ನತೆಯೂ ಹಸಿವನ್ನು ಕೊಲ್ಲುತ್ತದೆ. ಅದನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟವಾಗುವುದು ಮಾತು ಕಳೆದುಕೊಂಡವರಲ್ಲಿ. ಎಡ ಮಿದುಳಿನ ಗಾಯದಿಂದ ಬರುವ ಅಫೇಸಿಯಾ ಎಂಬ ಭಾಷಾನಷ್ಟದಲ್ಲಿ ರೋಗಿಗೆ ಪದಗಳು ದೊರಕುವುದಿಲ್ಲ. ಸಾರು ಸಪ್ಪೆಯಾಗಿದೆ, ಬಾಯಿ ಕಹಿಯಾಗಿದೆ, ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳಲು ಅವರಿಗೆ ಉಳಿದಿರುವ ದಾರಿ ಒಂದೇ, ಬಾಯಿ ಮುಚ್ಚಿಕೊಳ್ಳುವುದು. ಅದನ್ನು ಹಟವೆಂದು ತಿಳಿದು ಬಲವಂತವಾಗಿ ತುರುಕುವುದಕ್ಕಿಂತ ದೊಡ್ಡ ಅನ್ಯಾಯ ಆರೈಕೆಯಲ್ಲಿ ಇನ್ನೊಂದಿಲ್ಲ. ಹೌದು, ಇಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುವುದರಿಂದ, ಉಪ್ಪಿನ ಡಬ್ಬಿ, ನೀರಿನ ಲೋಟ, ಹಣ್ಣುಗಳನ್ನು ಮುಂದಿಟ್ಟು ಬೆರಳು ತೋರಿಸಲು ಹೇಳುವುದರಿಂದ ಅವರ ಇಷ್ಟಾನಿಷ್ಟಗಳನ್ನು ಬಹಳಮಟ್ಟಿಗೆ ತಿಳಿಯಬಹುದು.

ಊಟದ ಬದಲಾವಣೆಗಳಲ್ಲಿ ಪ್ರಾಣಕ್ಕೆ ನೇರವಾಗಿ ಸಂಬಂಧಿಸಿದ್ದು ನುಂಗುವ ತೊಂದರೆ, ಮತ್ತು ಮನೆಯವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದೂ ಇದಕ್ಕೇ. ಪಾರ್ಶ್ವವಾಯುವಿನ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಇರುತ್ತದೆ. ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ನುಂಗುವಾಗ ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಸರಿಯುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಅನ್ನನಾಳ ತೆರೆದುಕೊಳ್ಳುತ್ತದೆ. ಇಷ್ಟೆಲ್ಲ ಒಂದೆರಡು ಸೆಕೆಂಡಿನೊಳಗೆ ಕ್ರಮ ತಪ್ಪದೆ ನಡೆಯಬೇಕು. ಜರ್ಮನ್ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ವಿವರಿಸಿದ, ಇಂದಿಗೂ ಅವರ ಹೆಸರಿನಿಂದಲೇ ಕರೆಯುವ ಮಿದುಳು ಕಾಂಡದ ಪಾರ್ಶ್ವವಾಯುವಿನಲ್ಲಿ ಕೈಕಾಲುಗಳ ಬಲ ಬಹುಮಟ್ಟಿಗೆ ಉಳಿದಿದ್ದೂ ನುಂಗುವುದು ತೀವ್ರವಾಗಿ ಕೆಡಬಹುದು. ನುಂಗುವ ಕ್ರಮ ತಪ್ಪಿದಾಗ ಆಹಾರ ಶ್ವಾಸನಾಳಕ್ಕೆ ಜಾರುತ್ತದೆ. ಆರೋಗ್ಯವಂತರಿಗೆ ನೆತ್ತಿಗೆ ಹತ್ತಿದರೆ ಕೂಡಲೇ ಜೋರಾದ ಕೆಮ್ಮು ಬಂದು ಆಹಾರ ಹೊರಬೀಳುತ್ತದೆ. ಪಾರ್ಶ್ವವಾಯುವಾದ ಕೆಲವರಲ್ಲಿ ಗಂಟಲಿನ ಸ್ಪರ್ಶಜ್ಞಾನವೇ ಮಂದವಾಗಿರುವುದರಿಂದ ಕೆಮ್ಮು ಬರುವುದಿಲ್ಲ, ಆಹಾರ ಸದ್ದಿಲ್ಲದೆ ಶ್ವಾಸಕೋಶವನ್ನು ಸೇರಿ ನ್ಯುಮೋನಿಯಾ ತರುತ್ತದೆ. ಕೆಮ್ಮಲಿಲ್ಲವೆಂದ ಮಾತ್ರಕ್ಕೆ ಸರಿಯಾಗಿ ನುಂಗಿದರೆಂದು ಹೇಳಲಾಗುವುದಿಲ್ಲ. ಊಟದ ನಂತರ ಧ್ವನಿ ನೀರು ತುಂಬಿದಂತೆ ಗೊರಗೊರ ಎನ್ನುವುದು, ಉಸಿರಾಟ ವೇಗವಾಗುವುದು, ಮತ್ತೆ ಮತ್ತೆ ಸಣ್ಣ ಜ್ವರ ಬರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಗಮನಿಸಬೇಕಾದ ಸೂಚನೆಗಳು.

ಕನ್ನಡ ನಾಡಿನ ಮನೆಗಳಲ್ಲಿ ಕಾಯಿಲೆಯಾದವರಿಗೆ ಮೊದಲು ಕೊಡುವುದು ನೀರು, ಎಳನೀರು, ಗಂಜಿಯ ತಿಳಿ, ತೆಳುವಾದ ಸಾರು. ತೆಳುವಾದದ್ದು ಸುಲಭವಾಗಿ ಇಳಿಯುತ್ತದೆಂಬ ನಂಬಿಕೆ ಜ್ವರದ ರೋಗಿಯ ಮಟ್ಟಿಗೆ ನಿಜ, ನುಂಗುವ ಶಕ್ತಿ ಕುಂದಿದವರ ಮಟ್ಟಿಗೆ ಅಲ್ಲ. ನೀರಿನಂತಹ ದ್ರವ ಬಾಯಲ್ಲಿ ನಿಲ್ಲದೆ ವೇಗವಾಗಿ ಹರಿಯುತ್ತದೆ, ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಗಂಟಲನ್ನು ತಲುಪುತ್ತದೆ. ಅನ್ನಕ್ಕೆ ಧಾರಾಳವಾಗಿ ಸಾರು ಕಲಸಿದ ತುತ್ತು ಇನ್ನೂ ತೊಡಕಿನದು, ಏಕೆಂದರೆ ಅಗುಳನ್ನು ಅಗಿಯುತ್ತಿರುವಾಗಲೇ ಸಾರು ಹಿಂದಕ್ಕೆ ಸೋರಿಹೋಗುತ್ತದೆ. ಗಂಜಿಯಲ್ಲಿ ತೇಲುವ ಅಗುಳು, ಸಾಂಬಾರಿನಲ್ಲಿ ನೆನೆದ ಇಡ್ಲಿ ಇದೇ ಬಗೆಯವು. ಮಂಡಕ್ಕಿ, ಒಣ ಅವಲಕ್ಕಿ, ಪುಡಿಯಾಗುವ ಚಕ್ಕುಲಿಯಂತಹವುಗಳ ಚೂರುಗಳು ಗಂಟಲಲ್ಲಿ ಚದುರುತ್ತವೆ. ದಕ್ಷಿಣ ಕರ್ನಾಟಕದ ರಾಗಿ ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದು ರೂಢಿಯಾದ್ದರಿಂದ, ಜೀವನವಿಡೀ ಮುದ್ದೆ ಉಂಡವರು ಕಾಯಿಲೆಯ ನಂತರವೂ ಹಾಗೆಯೇ ನುಂಗಲು ಹೋಗುತ್ತಾರೆ. ಅಂಟುವ ಗುಣವುಳ್ಳ ಆ ಗುಂಡಾದ ತುತ್ತು ಅವರಿಗೆ ಯಾವಾಗ ಸುರಕ್ಷಿತವೆಂಬುದನ್ನು ತಜ್ಞರು ನೋಡಿಯೇ ಹೇಳಬೇಕು. ನುಣ್ಣಗೆ ಕಿವುಚಿದ ಮೊಸರನ್ನ, ಚೆನ್ನಾಗಿ ಬೆಂದು ಮಿದುವಾದ ಹೆಸರುಬೇಳೆಯ ಕಿಚಡಿ, ಗಂಟಿಲ್ಲದ ದಪ್ಪ ರಾಗಿ ಅಂಬಲಿಯಂತಹ ಒಂದೇ ಹದದ ಆಹಾರಗಳು ಹಲವರಿಗೆ ಹೊಂದುತ್ತವೆ.

ಈ ಹದವನ್ನು ಅಂದಾಜಿಗೆ ಬಿಡದೆ ಅಳೆಯುವ ಕ್ರಮವೊಂದು ಈಗ ಬಳಕೆಗೆ ಬಂದಿದೆ. ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ರೂಪಿಸಿದ ಈ ಕ್ರಮದಲ್ಲಿ ನೀರಿಗೆ 0, ಸಾಮಾನ್ಯ ಊಟಕ್ಕೆ 7 ಎಂದು ಆಹಾರವನ್ನು ಎಂಟು ಹಂತಗಳಾಗಿ ವಿಂಗಡಿಸಿದ್ದು, ಚಮಚ, ಫೋರ್ಕಿನಂತಹ ಸರಳ ಸಾಧನಗಳಿಂದಲೇ ಹದವನ್ನು ಪರೀಕ್ಷಿಸಬಹುದು. ರೋಗಿಗೆ ಯಾವ ಹಂತ ತಕ್ಕದ್ದೆಂಬುದನ್ನು ಎಕ್ಸ್‌ರೇ ಚಲನಚಿತ್ರದಿಂದ ಅಥವಾ ಮೂಗಿನ ಮೂಲಕ ಇಳಿಸುವ ಸಣ್ಣ ಕ್ಯಾಮೆರಾದಿಂದ ನುಂಗುವಿಕೆಯನ್ನು ನೋಡಿ ತೀರ್ಮಾನಿಸುತ್ತಾರೆ. ಈ ಕೆಲಸ ಮಾಡುವವರು ವಾಕ್ ಚಿಕಿತ್ಸಕರು. ಮಾತಿನ ತೊಂದರೆಗೆ ಮಾತ್ರ ಅವರನ್ನು ಕಾಣಬೇಕೆಂಬ ತಿಳಿವಳಿಕೆ ವ್ಯಾಪಕವಾಗಿರುವುದರಿಂದ ಅನೇಕ ಕುಟುಂಬಗಳು ಅವರ ಬಳಿಗೆ ಹೋಗುವುದೇ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆಗಳಲ್ಲಿ ಈ ಪರಿಣತಿ ಇದೆ. ದ್ರವವನ್ನು ಗಟ್ಟಿ ಮಾಡಿಕೊಡಲು ಅವರು ಸೂಚಿಸಿದಾಗ ಒಂದು ಸಣ್ಣ ಸಂಗತಿ ನೆನಪಿಡತಕ್ಕದ್ದು: ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಬಾಯಿಗಿಟ್ಟ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಗಟ್ಟಿಯಾಗಿದ್ದ ಗಂಜಿ ನೋಡನೋಡುತ್ತಿದ್ದಂತೆ ತೆಳ್ಳಗಾಗುತ್ತದೆ. ಗಟ್ಟಿ ದ್ರವ ಹಿತವೆನಿಸದೆ ರೋಗಿಗಳು ಕಡಿಮೆ ಕುಡಿಯುವುದರಿಂದ ಮೈಯಲ್ಲಿ ನೀರಿನಂಶ ಇಳಿಯದಂತೆಯೂ ನೋಡಿಕೊಳ್ಳಬೇಕು. ನುಂಗುವುದು ಸ್ವಲ್ಪವೂ ಸುರಕ್ಷಿತವಲ್ಲದಿದ್ದಾಗ ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಹಾಕುತ್ತಾರೆ. ಅದು ಶಕ್ತಿ ಮರಳುವವರೆಗಿನ ಏರ್ಪಾಡೇ ಹೊರತು ಎಲ್ಲ ಮುಗಿಯಿತೆಂಬುದರ ಗುರುತಲ್ಲ.

ಉಣ್ಣಿಸುವ ರೀತಿಯೂ ಚಿಕಿತ್ಸೆಯೇ. ಮಲಗಿಸಿಕೊಂಡು ಅಥವಾ ತೂಕಡಿಸುತ್ತಿರುವಾಗ ಬಾಯಿಗೆ ಹಾಕಕೂಡದು. ನೆಟ್ಟಗೆ ಕೂರಿಸಿ, ಸಣ್ಣ ತುತ್ತುಗಳನ್ನು ಒಂದು ಇಳಿದ ಮೇಲೆ ಇನ್ನೊಂದರಂತೆ ಕೊಟ್ಟು, ಊಟದ ನಂತರವೂ ಅರ್ಧ ಗಂಟೆ ಕೂರಿಸಿರಬೇಕು. ಸೋತ ಬದಿಯ ಕೆನ್ನೆಯಲ್ಲಿ ಆಹಾರ ಉಳಿದಿರುವುದು ರೋಗಿಗೆ ತಿಳಿಯದಿರುವುದರಿಂದ ಪ್ರತಿ ಊಟದ ಕೊನೆಗೆ ಬಾಯಿಯನ್ನು ನೋಡಿ ಶುಚಿಗೊಳಿಸುವುದು ಅಗತ್ಯ. ಕೊಳೆತ ಆಹಾರ, ಕೊಳೆಯಾದ ಕಟ್ಟುಹಲ್ಲು, ನಾಲಗೆಯ ಮೇಲೆ ಬಿಳಿ ಪೊರೆಯಂತೆ ಹಬ್ಬುವ ಶಿಲೀಂಧ್ರ ರುಚಿಯನ್ನು ಕೆಡಿಸುತ್ತವೆ, ಬಾಯಿಯ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಜಪಾನಿನ ವೃದ್ಧಾಶ್ರಮಗಳಲ್ಲಿ ನಡೆದ ಅಧ್ಯಯನವೊಂದು ಊಟದ ನಂತರ ಹಲ್ಲುಜ್ಜಿಸುವುದರಿಂದಲೇ ನ್ಯುಮೋನಿಯಾ ಕಡಿಮೆಯಾಗುವುದನ್ನು ತೋರಿಸಿದೆ.

ತಟ್ಟೆಯ ಅರ್ಧವನ್ನು ಮಾತ್ರ ಉಣ್ಣುವವರ ಸಮಸ್ಯೆ ಹಸಿವಿನದೂ ಅಲ್ಲ, ರುಚಿಯದೂ ಅಲ್ಲ. ಬಲ ಮಿದುಳಿನ ಮೇಲ್ಭಾಗಕ್ಕೆ ಗಾಯವಾದಾಗ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಜಗತ್ತು ಗಮನಕ್ಕೇ ಬಾರದೆ ಹೋಗುತ್ತದೆ. ನರವೈದ್ಯ ಆಲಿವರ್ ಸ್ಯಾಕ್ಸ್ 1985ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ತಟ್ಟೆಯ ಕಾಣದ ಭಾಗವನ್ನು ಹುಡುಕಲು ಗಾಲಿಕುರ್ಚಿಯನ್ನೇ ಬಲಕ್ಕೆ ಸುತ್ತ ತಿರುಗಿಸಿಕೊಳ್ಳುತ್ತಿದ್ದ ಮಹಿಳೆಯೊಬ್ಬರನ್ನು ಚಿತ್ರಿಸಿದ್ದಾರೆ. ಎಡಕ್ಕೆ ತಿರುಗಬೇಕೆಂಬ ಯೋಚನೆಯೇ ಅವರಿಗೆ ಬರುತ್ತಿರಲಿಲ್ಲ. ಊಟದ ನಡುವೆ ತಟ್ಟೆಯನ್ನು ತಿರುಗಿಸಿಡುವುದು, ಎಡ ಅಂಚಿಗೆ ಕಣ್ಣು ಹೊರಳಿಸುವಂತೆ ನೆನಪಿಸುತ್ತಿರುವುದು ಸರಳವಾದ ನೆರವು. ಬಲಗೈ ಸೋತವರ ಕಷ್ಟ ಇನ್ನೊಂದು ಬಗೆಯದು. ಎಡಗೈಯಲ್ಲಿ ಉಣ್ಣುವುದು ಮೈಲಿಗೆಯೆಂಬ ಭಾವನೆ ಬಲವಾಗಿರುವ ಸಮಾಜದಲ್ಲಿ, ಪಂಕ್ತಿಯಲ್ಲಿ ಕುಳಿತಾಗ ಮುಜುಗರಪಟ್ಟು ಅರೆಹೊಟ್ಟೆಯಲ್ಲಿ ಏಳುವವರಿದ್ದಾರೆ, ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ದಪ್ಪ ಹಿಡಿಯ ಚಮಚ, ಅಂಚು ಎತ್ತರವಾದ ತಟ್ಟೆ, ಜಾರದಂತೆ ಕೆಳಗೆ ಹಾಸಿದ ಒದ್ದೆ ಬಟ್ಟೆ ಇಷ್ಟಿದ್ದರೆ ಎಡಗೈಯಿಂದ ತಾವೇ ಉಣ್ಣಬಲ್ಲವರು ಅನೇಕರು. ಬೇಗ ಮುಗಿಯಲೆಂದು ಮನೆಯವರು ತುತ್ತು ಕೊಡುವುದಕ್ಕಿಂತ ಅವರು ನಿಧಾನವಾಗಿ, ಚೆಲ್ಲಿಕೊಂಡಾದರೂ ತಾವೇ ಉಣ್ಣುವುದು ಕೈಗೂ ಮನಸ್ಸಿಗೂ ಒಳ್ಳೆಯದು.

ರುಚಿ ಕುಂದಿದವರು ಸಹಜವಾಗಿ ಹೆಚ್ಚು ಉಪ್ಪು ಕೇಳುತ್ತಾರೆ, ಮತ್ತು ಇಲ್ಲಿ ರುಚಿಯ ಪ್ರಶ್ನೆ ಮರಳಿ ಮಿದುಳಿನ ಪ್ರಶ್ನೆಯಾಗುತ್ತದೆ, ಏಕೆಂದರೆ ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ ಮತ್ತು ಪಾರ್ಶ್ವವಾಯುವಿಗೆ ಅತಿ ಮುಖ್ಯ ಕಾರಣ ರಕ್ತದೊತ್ತಡವೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಭಾರತೀಯರು ಸರಾಸರಿ ಅದರ ಎರಡರಷ್ಟನ್ನು ಸೇವಿಸುತ್ತಾರೆ, ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳ ಪಾಲು ಸಣ್ಣದಲ್ಲ. ಆದರೆ ಒಮ್ಮೆಲೇ ಉಪ್ಪಿಲ್ಲದ ಅಡುಗೆ ಬಡಿಸಿದರೆ ಮೊದಲೇ ಸಪ್ಪೆಯೆನಿಸುತ್ತಿದ್ದ ಊಟವನ್ನು ರೋಗಿ ಪೂರ್ತಿ ಬಿಟ್ಟುಬಿಡುತ್ತಾರೆ, ತೂಕ ಇಳಿಯುತ್ತದೆ, ಸ್ನಾಯುಗಳು ಕರಗುತ್ತವೆ. ಉಪ್ಪನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿದರೆ ಎರಡು ಮೂರು ತಿಂಗಳಲ್ಲಿ ನಾಲಗೆ ಹೊಸ ಮಟ್ಟಕ್ಕೆ ಒಗ್ಗಿಕೊಳ್ಳುತ್ತದೆ. ಈ ಅವಧಿಯಲ್ಲಿ ನಿಂಬೆ, ಹುಣಸೆ, ಕಾಳುಮೆಣಸು, ಜೀರಿಗೆ, ಶುಂಠಿ ಮತ್ತು ತುಪ್ಪದಲ್ಲಿ ಇಂಗು ಕರಿಬೇವು ಹಾಕಿದ ಒಗ್ಗರಣೆ ನೆರವಿಗೆ ಬರುತ್ತವೆ. ಹುಳಿ ಮತ್ತು ಖಾರಕ್ಕೆ ಇನ್ನೊಂದು ಗುಣವೂ ಇದೆ: ಹುಳಿಯಾದ ತುತ್ತು ಕೆಲವು ರೋಗಿಗಳಲ್ಲಿ ನುಂಗುವ ಕ್ರಿಯೆಯನ್ನು ಚುರುಕುಗೊಳಿಸುವುದನ್ನು ಅಮೆರಿಕದ ಸಂಶೋಧಕರೂ, ಮೆಣಸಿನಕಾಯಿಯ ಖಾರದ ಅಂಶ ಮತ್ತು ಕಾಳುಮೆಣಸಿನ ವಾಸನೆ ಹಾಗೆಯೇ ಕೆಲಸ ಮಾಡುವುದನ್ನು ಜಪಾನಿನ ಸಂಶೋಧಕರೂ ದಾಖಲಿಸಿದ್ದಾರೆ. ಹುಳಿ, ಖಾರವೆಲ್ಲ ಕಾಯಿಲೆಯವರಿಗೆ ವರ್ಜ್ಯವೆಂದು ಸಪ್ಪೆ ಊಟವನ್ನೇ ಕೊಡುವ ಪದ್ಧತಿಯನ್ನು ಈ ಬೆಳಕಿನಲ್ಲಿ ಪುನರಾಲೋಚಿಸಬೇಕಾಗಿದೆ. ಹಾಗೆಂದು ಅದೇ ಚಿಕಿತ್ಸೆಯಲ್ಲ, ಮತ್ತು ತೆಳ್ಳಗಿನ ಮೆಣಸಿನ ಸಾರು ನುಂಗಲಾರದವರಿಗೆ ಅಪಾಯಕಾರಿಯೇ. ಅದೇ ಹುಳಿ ಖಾರಗಳನ್ನು ಗಟ್ಟಿಯಾದ ಬೇಳೆಗೆ ಬೆರೆಸಿ ಕೊಡುವುದು ಲೇಸು.

ಸೋಡಿಯಂ ಕಡಿಮೆಯಿರುವ ಉಪ್ಪಿಗೆ ಈಗ ಬಲವಾದ ಆಧಾರವೂ ದೊರೆತಿದೆ. ಚೀನಾದ 600 ಹಳ್ಳಿಗಳಲ್ಲಿ, ಬಹುಪಾಲು ಹಿಂದೆ ಪಾರ್ಶ್ವವಾಯುವಾಗಿದ್ದವರೇ ಇದ್ದ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಉಪ್ಪಿನ ಕಾಲು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇ 14ರಷ್ಟು ತಗ್ಗಿತ್ತು. ಇಂತಹ ಉಪ್ಪು ಭಾರತದ ಅಂಗಡಿಗಳಲ್ಲಿಯೂ ಸಿಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಮತ್ತು ರಕ್ತದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವ ಕೆಲವು ಒತ್ತಡದ ಮಾತ್ರೆಗಳನ್ನು ಸೇವಿಸುವವರಲ್ಲಿ ಅದು ಹೃದಯದ ಬಡಿತವನ್ನು ಕೆಡಿಸಬಹುದಾದ್ದರಿಂದ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಔಷಧಿಯೊಡನೆ ಹೊಂದಿಸಿಕೊಳ್ಳಬೇಕಾದ ಇನ್ನೊಂದು ಆಹಾರ ಸೊಪ್ಪು, ಆದರೆ ವಾರ್ಫರಿನ್ ಎಂಬ ರಕ್ತ ತೆಳುಗೊಳಿಸುವ ಔಷಧಿ ತೆಗೆದುಕೊಳ್ಳುವವರು ಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಔಷಧಿಗೆ ಎದುರಾಗಿ ಕೆಲಸ ಮಾಡುವುದರಿಂದ, ಒಂದು ವಾರ ದಿನವೂ ಬಸ್ಸಾರು, ಇನ್ನೊಂದು ವಾರ ಸೊಪ್ಪೇ ಇಲ್ಲ ಎಂಬಂತಾಗದೆ ಪ್ರಮಾಣ ಒಂದೇ ಸಮನಾಗಿದ್ದರೆ, ಅದಕ್ಕೆ ತಕ್ಕಂತೆ ಮಾತ್ರೆಯ ಪ್ರಮಾಣವನ್ನು ವೈದ್ಯರು ನಿಗದಿಪಡಿಸುತ್ತಾರೆ.